ಇಪ್ಪತ್ತೈದು ತೋಟಾದ ವೀರಭದ್ರಯ್ಯ

ಹರಪನಹಳ್ಳಿಯ ವೀರಭದ್ರಯ್ಯನವರ ಬಂದೂಕು ಗೋಡೆಯ ಮೊಳೆ ಬಿಟ್ಟು ಕದಲದೆಯೇ ಮೂರು ಜಿಲ್ಲೆ ಸುತ್ತಿದೆ. ಅವರ ತಂದೆ ಅದನ್ನು ಕೊಂಡಾಗ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಊರು ಹೋದಲ್ಲೆಲ್ಲ ಲೈಸೆನ್ಸ್ ಪುಸ್ತಕವೂ ಅದರ ಹಿಂದೆ ಓಡಬೇಕು, ಏಕೆಂದರೆ ಅದರಲ್ಲಿ ‘ಈ ಜಿಲ್ಲೆಯೊಳಗೆ ಮಾತ್ರ’ ಎಂದು ಬರೆದಿದೆ. ಒಂದು ಸಲ ಪುಸ್ತಕ ಹಳೇ ಜಿಲ್ಲೆಯದು, ಮನೆ ಹೊಸ ಜಿಲ್ಲೆಯದು ಎಂದಾಗಿ, ಎಂಟು ತಿಂಗಳು ಅಯ್ಯನವರು ತಮ್ಮದೇ ಪಡಸಾಲೆಯಲ್ಲಿ ಕಾನೂನಿನ ಪ್ರಕಾರ ಗಡಿ ದಾಟಿ ಕೂತಿದ್ದರು. ಪರವಾನಗಿ ಇಲ್ಲದವನು ‘ಪರವಾಗಿಲ್ಲ’ ಎಂದು ನಿದ್ದೆ ಮಾಡುತ್ತಾನೆ. ಇದ್ದವನಿಗೆ ಆ ಭಾಗ್ಯವಿಲ್ಲ.

ಮನುಷ್ಯನಿಗೆ ಐವತ್ತಾರು. ಬೋರ್‌ವೆಲ್ ಮೋಟಾರು ಸುಟ್ಟರೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಹಡಗಲಿ ರಸ್ತೆಯಲ್ಲಿದೆ. ದಿನವಿಡೀ ಕೂದಲಿನಂಥ ತಂತಿಯನ್ನು ಎಳೆ ತಪ್ಪದಂತೆ ಸುತ್ತುವ ಕೈ. ಆ ಕೈ ನಡುಗಿದ್ದನ್ನು ಯಾರೂ ನೋಡಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯೊಳಗೆ ಮೊಟ್ಟೆ ಎಂಬ ಶಬ್ದಕ್ಕೂ ಪ್ರವೇಶವಿಲ್ಲ. ಇಂಥವರಿಗೆ ಎರಡು ನಳಿಗೆಯ ಬಂದೂಕು ಬಂದದ್ದು ಚಿಗಟೇರಿಯ ನಾಲ್ಕೆಕರೆ ಮೆಕ್ಕೆಜೋಳದ ಹೊಲದ ಜೊತೆ, ಪಿತ್ರಾರ್ಜಿತವಾಗಿ. ಲೈಸೆನ್ಸಿನ ಉದ್ದೇಶ: ಬೆಳೆ ರಕ್ಷಣೆ. ಕಾಡುಹಂದಿ ನುಗ್ಗಿದರೆ ಹಾರಿಸಿ ಓಡಿಸಬಹುದು. ಹಂದಿಗೆ ತಾಗಿತೋ, ಅರಣ್ಯದವರು ಬಂದು ಹಂದಿಯನ್ನೂ ಅಯ್ಯನವರನ್ನೂ ಒಂದೇ ಜೀಪಿನಲ್ಲಿ ಒಯ್ಯುತ್ತಾರೆ. ಗುರಿ ತಪ್ಪಿಸಲೇಬೇಕು ಎಂಬ ಷರತ್ತಿನ ಮೇಲೆ ಬಂದೂಕು ಕೊಡುವಷ್ಟು ದೂರದೃಷ್ಟಿ ನಮ್ಮ ಕಾನೂನಿಗೆ ಬಿಟ್ಟರೆ ಬೇರಾರಿಗೂ ಇಲ್ಲ.

ಇನ್ನು ಬಂದೂಕಿಗೆ ತುಂಬುವ ತೋಟಾ. ತೋಟ ಎಷ್ಟಾದರೂ ಮಾಡಿಕೊಳ್ಳಿ, ಕೇಳುವವರಿಲ್ಲ. ಕೊನೆಗೊಂದು ದೀರ್ಘ ಎಳೆದು ತೋಟಾ ಎಂದಿರೋ, ಸರಕಾರ ಎದ್ದು ಕೂರುತ್ತದೆ. ಅಯ್ಯನವರಿಗೆ ವರ್ಷಕ್ಕೆ ಇಪ್ಪತ್ತೈದು. ಹೊಸದು ಬೇಕಾದರೆ ಹಾರಿಸಿದ ಇಪ್ಪತ್ತೈದರ ಖಾಲಿ ಕೊಳವೆಗಳನ್ನು ತಂದು ಆಫೀಸಿಗೆ ಒಪ್ಪಿಸಬೇಕು. ಚುನಾವಣೆ ಬಂತೆಂದರೆ ಬಂದೂಕನ್ನೇ ಠಾಣೆಯಲ್ಲಿಡಬೇಕು. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಅದು ಹೊಸ ಸೊಸೆ ತವರಿಗೆ ಹೋದಂತೆ ಹೋಗಿ ಬಂದು ಮಾಡಿದೆ. ಮತ ಹಾಕದ ಹಂದಿಗಳು ಆ ಅವಧಿಯಲ್ಲಿ ಹೊಲದಲ್ಲಿ ನಿರ್ಭೀತವಾಗಿ ಊಟ ಮಾಡಿವೆ.

ಇಷ್ಟಕ್ಕೇ ನಿಂತಿದ್ದರೆ ಅಯ್ಯನವರು ಸುಖವಾಗಿರುತ್ತಿದ್ದರು. ಕೆಡಿಸಿದವನು ಹುಲುಗಪ್ಪ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯವನು, ಮಿಲಿಟರಿಯಿಂದ ನಿವೃತ್ತನಾಗಿ ಕೊಟ್ಟೂರಿನ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ಕೂರುತ್ತಾನೆ. ಸ್ನೇಹಕ್ಕೆ ಹೊಲಕ್ಕೆ ಬಂದವನು ಒಂದು ದಿನ ಬಣವೆಯ ಪಕ್ಕದಲ್ಲಿದ್ದ ಒಣ ಸಗಣಿಯ ಕುಳ್ಳೊಂದನ್ನು ಕೈಗೆತ್ತಿಕೊಂಡ.

“ಅಯ್ನೋರೇ, ಹಂದಿ ಹೊಡಿಯಂಗಿಲ್ಲ. ಕುಳ್ಳು ಹೊಡಿಯಾಕ ಏನಡ್ಡಿ?” ಎಂದು ಅದನ್ನು ಆಕಾಶಕ್ಕೆ ಬೀಸಿದ.

ಅಯ್ಯನವರ ಬಂದೂಕು ಢಮ್ ಎಂದಿತು. ಕುಳ್ಳು ಪುಡಿಯಾಗಿ ಇಬ್ಬರ ತಲೆಯ ಮೇಲೂ ಉದುರಿತು. ಅಯ್ಯನವರು ವಿಭೂತಿಯ ಮೇಲೆ ಕೂತ ಸಗಣಿಯ ಪುಡಿಯನ್ನೂ ಒರೆಸಿಕೊಳ್ಳದೆ, “ಇನ್ನೊಂದು ಒಗಿ” ಎಂದರು. ಅದೂ ಪುಡಿಯಾಯಿತು.

“ಇದಕ್ಕ ಬೆಂಗಳೂರಾಗ ಸ್ಪರ್ಧಿ ಇಡ್ತಾರ್ರಿ,” ಎಂದ ಹುಲುಗಪ್ಪ. “ಕುಳ್ಳಲ್ಲ, ಮಣ್ಣಿನ ತಟ್ಟಿ. ಮಿಷಿನ್ನು ಎರಡೆರಡು ತಟ್ಟಿ ಹಾರಸ್ತೈತಿ. ಐವತ್ತರಾಗ ಮೂವತ್ತು ಒಡದ್ರ ಸರ್ಟಿಫಿಕೇಟು.”

“ಸರ್ಟಿಫಿಕೇಟ್ ತಗೊಂಡು ಗ್ವಾಡಿಗೆ ಹಚ್ಚಲೇನು?”

“ಗ್ವಾಡಿಗ್ಯಾಕ? ಆಫೀಸಿಗೆ ಹಚ್ರಿ. ಸರ್ಟಿಫಿಕೇಟ್ ಇದ್ದ ಶೂಟರಿಗೆ ವರ್ಷಕ್ಕ ಸಾವಿರಗಟ್ಲೆ ತೋಟಾ ಕೊಡ್ತಾರ.”

ಅಂದಿನಿಂದ ಅಯ್ಯನವರಿಗೆ ಬೇರೆ ಆಸೆ ಉಳಿಯಲಿಲ್ಲ. ಪದಕ ಬೇಡ, ಪೇಪರಿನಲ್ಲಿ ಫೋಟೋ ಬೇಡ. ಮೂವತ್ತು ತಟ್ಟೆ ಒಡೆಯಬೇಕು, ಆ ಕಾಗದ ತರಬೇಕು, ಬದುಕಿನಲ್ಲಿ ಒಮ್ಮೆಯಾದರೂ ಎಣಿಸದೆ ತೋಟಾ ಹಾರಿಸಬೇಕು. ತೊಡಕು ಒಂದೇ. ಸರ್ಟಿಫಿಕೇಟ್ ಬೇಕಾದರೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ತೋಟಾ ಬೇಕು, ತೋಟಾಕ್ಕೆ ಸರ್ಟಿಫಿಕೇಟ್ ಬೇಕು. ಈಜು ಬಂದವರು ಮಾತ್ರ ಬಾವಿಗೆ ಇಳಿಯತಕ್ಕದ್ದು ಎಂದು ಬೋರ್ಡು ಬರೆಸಿದವರಿಗೆ ಅದನ್ನು ಓದಿ ನಗು ಬರುವುದಿಲ್ಲ, ಅದೇ ಅವರ ಅರ್ಹತೆ.

ಆ ವರ್ಷದ ಇಪ್ಪತ್ತೈದನ್ನೂ ಅಯ್ಯನವರು ಕುಳ್ಳಿನ ಮೇಲೆ ಖರ್ಚು ಮಾಡಿ ಕೈ ಪಳಗಿಸಿಕೊಂಡರು. ಸ್ಪರ್ಧೆಗೆ ಕನಿಷ್ಠ ಐವತ್ತು ಬೇಕು. ವಿಶೇಷ ಅನುಮತಿಗೆ ಹನ್ನೊಂದು ಲಗತ್ತುಗಳ ಜೊತೆ ಅರ್ಜಿ ಹಾಕಿದರು. ಖಾಲಿ ಕೊಳವೆ ತಂದುಕೊಟ್ಟರೆ ಐವತ್ತು ಮಂಜೂರು ಎಂದು ಆಫೀಸಿನಿಂದ ಕರೆ ಬಂತು. ಅಯ್ಯನವರು ಹೆಂಡತಿಗೆ, “ಆ ಡಬ್ಬಿ ಚೀಲದಾಗಿಡು, ನಾಳಿ ಆಫೀಸಿಗೆ ವಾಪಸ್ ಕೊಡಾದೈತಿ” ಎಂದು ಹೇಳಿ ಅಂಗಡಿಗೆ ಹೋದರು.

ಹೆಂಡತಿ ದಾಕ್ಷಾಯಣಮ್ಮ. ಈ ಸೀಮೆಯ ಯಾವ ಗೃಹಿಣಿಯೂ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಪಕ್ಕದ ಮನೆಯಿಂದ ಹೋಳಿಗೆ ಬಂದ ಡಬ್ಬಿ ಹಿಡಿ ಸಕ್ಕರೆಯನ್ನಾದರೂ ಹೊತ್ತು ಹೋಗಬೇಕು, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳ. ದಾಕ್ಷಾಯಣಮ್ಮ ಈ ವಿಷಯದಲ್ಲಿ ಒಂದು ಕೈ ಹೆಚ್ಚು. ಗ್ಯಾಸಿನ ಖಾಲಿ ಸಿಲಿಂಡರ್ ಹೊರಡುವಾಗಲೂ ಅವರಿಗೆ ಜೀವ ತಡೆಯುವುದಿಲ್ಲ. ಡಬ್ಬಿ ತೆರೆದು ನೋಡಿದರು: ಕೆಂಪು ಪ್ಲಾಸ್ಟಿಕ್ಕಿನ ಇಪ್ಪತ್ತೈದು ಪುಟ್ಟ ಪಾತ್ರೆಗಳು, ಇಪ್ಪತ್ತೈದೂ ಖಾಲಿ! ಸರಕಾರದ ಮನೆಗೆ!

ಒಂದೊಂದಕ್ಕೂ ಬಿಳಿಜೋಳ ತುಂಬಿದರು. ಚೆಲ್ಲಬಾರದಲ್ಲ, ಹಾರಿಸಿದಾಗ ಬಿಚ್ಚಿಕೊಂಡಿದ್ದ ಕೊಳವೆಯ ಬಾಯಿಯನ್ನು ಕರ್ಜಿಕಾಯಿ ಮಡಿಸುವ ಬೆರಳುಗಳಿಂದ ನೆರಿಗೆ ಹಿಡಿದು, ಕಾರ್ಖಾನೆಯವರು ಮುಚ್ಚಿದ ಹಾಗೆಯೇ ಒಳಕ್ಕೆ ಮಡಿಸಿದರು.

ಮರುದಿನ ಆಫೀಸಿನಲ್ಲಿ ಕಡತ ನೋಡುವ ಅಮರೇಶ್ ಡಬ್ಬಿಯಿಂದ ಒಂದನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸಿದ. ಗಿಲಗಿಲ ಎಂದಿತು.

“ಏನ್ರಿ ಇದು?”

“ಖಾಲಿ ಕೇಸ್ರಿ.”

“ಖಾಲಿ ಕೇಸು ಗಿಲಗಿಲ ಅಂತಾವನ್ರಿ?” ಅಮರೇಶ್ ಅದನ್ನು ಹಸುಗೂಸಿನಂತೆ ಮೇಜಿನ ಮೇಲೆ ಮಲಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ಸ್ಟೀಲಿನ ಬೀರುವಿನ ಮರೆಗೆ ನಿಂತ. “ಇದು ಖಾಲಿ ಕೇಸಲ್ರಿ, ಭಾರೀ ಕೇಸು. ಮನ್ಯಾಗ ತೋಟಾ ತಯಾರ್ ಮಾಡೀರಿ ನೀವು!”

ಹಾರಿಸಿದ ತೋಟಾದ ಹಿತ್ತಾಳೆ ತಳದಲ್ಲಿ ಒಂದು ಗುಳಿ ಬಿದ್ದಿರುತ್ತದೆ. ಒಮ್ಮೆ ನೋಡಿದವನಿಗೂ ಅದು ಗೊತ್ತಾಗುತ್ತದೆ. ಆದರೆ ಜಿಲ್ಲೆಯ ತೋಟಾಗಳ ಲೆಕ್ಕವಿಡುವ ಆ ಕೋಣೆಯಲ್ಲಿ ತೋಟಾವನ್ನು ಸರಿಯಾಗಿ ನೋಡಿದವರು ಒಬ್ಬರೂ ಇರಲಿಲ್ಲ. ಅಯ್ಯನವರು ಉಗುರಿನಿಂದ ಒಂದರ ಬಾಯಿ ಬಿಡಿಸಿ ತೋರಿಸಲು ಹೋದರು.

“ಮುಟ್ಟಬ್ಯಾಡ್ರಿ! ಸಾಕ್ಷಿ ಅದು!”

ಅಯ್ಯನವರು ಮನೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. “ಏ, ತೋಟಾದಾಗ ಏನ್ ತುಂಬೀದಿ?”

“ಬಿಳಿಜ್ವಾಳ. ಯಾಕ್ರಿ, ಹುಳ ಅದಾವೇನು? ಮೊನ್ನ್ಯರ ಕೇರಿಟ್ಟದ್ದು.”

“ಜ್ವಾಳನೋ ಮದ್ದೋ ಲ್ಯಾಬಿನವ್ರು ಹೇಳಬೇಕ್ರಿ, ನಿಮ್ ಮನಿಯವ್ರಲ್ಲ,” ಎಂದ ಅಮರೇಶ್ ಬೀರುವಿನ ಹಿಂದಿನಿಂದ.

“ಯಾರ್ರಿ ಅದು ಮಾತಾಡೋರು?” ಎಂದಿತು ಫೋನು. “ಬರಿ ಡಬ್ಬಿ ಕಳಿಸೋ ಮನಿ ನಮ್ದಲ್ಲ ಅಂತ ಹೇಳ್ರಿ ಅವರಿಗೆ. ಕಾಳು ಕಂಡು ಹೆದರೋ ಗಂಡಸ್ರನ್ನ ಇವತ್ತ ಕೇಳಿದ್ದು ನಾನು.”

ಬಂದೂಕು ಠಾಣೆಗೆ ಹೋಯಿತು. ಕೊಳವೆಗಳು ಮೊಹರು ಹಾಕಿಸಿಕೊಂಡು, ಪೊಲೀಸ್ ಕಾವಲಿನಲ್ಲಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು. ನಮ್ಮ ಕಡೆಯ ಬಿಳಿಜೋಳಕ್ಕೆ ಅಷ್ಟು ಮರ್ಯಾದೆ ಯಾವ ಮಾರುಕಟ್ಟೆಯಲ್ಲೂ ಸಿಕ್ಕಿದ್ದಿಲ್ಲ. ನಲವತ್ತೊಂದು ದಿನಗಳ ಸಂಶೋಧನೆಯ ನಂತರ ವರದಿ ಬಂತು: ‘ಕಳುಹಿಸಲಾದ ವಸ್ತುವು ಜೋಳವೆಂದು ಕಂಡುಬಂದಿದೆ. ಸ್ಫೋಟಕ ಗುಣ ಇಲ್ಲ. ಮಾನವ ಸೇವನೆಗೆ ಯೋಗ್ಯ.’ ಒಂದರಲ್ಲಿ ಜೋಳವಿದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಬಾಂಬು ಇಲ್ಲವೆಂದು ನಂಬುವುದು ಹೇಗೆ? ಹಾಗಾಗಿ ಇಪ್ಪತ್ತೈದನ್ನೂ ಉದ್ದಕ್ಕೆ ಸೀಳಿ ನೋಡಿದ್ದರು.

“ನೀವು ನಿರಪರಾಧಿ ಅಂತ ಆತ್ರಿ, ಬಂದೂಕು ಠಾಣ್ಯಾಗಿಂದ ತಗೊಂಡು ಹೋಗ್ರಿ,” ಎಂದ ಅಮರೇಶ್, ಬಹುಮಾನ ಕೊಡುವವನಂತೆ. “ಆದ್ರ ಐವತ್ತರ ಮಂಜೂರಿಗೆ ಖಾಲಿ ಕೇಸು ಬೇಕ್ರಿ. ಎಲ್ಲಿ ಅವು?”

“ನೀವ ಸೀಳಿಸೀರಲ್ರಿ!”

“ಸೀಳಿದ್ದು ಕೇಸಲ್ರಿ, ಬರೀ ಪ್ಲಾಸ್ಟಿಕ್. ಆತು, ಲ್ಯಾಬ್ ವರದಿ ಇಟ್ಕೊಂಡು ಹೊಸ ವರ್ಷದ ಲೆಕ್ಕದ ಇಪ್ಪತ್ತೈದು ಕೊಡ್ತೀನಿ. ಐವತ್ತು ನನ್ ಕೈಯಾಗಿಲ್ಲ.”

“ಐವತ್ತು ತಟ್ಟಿಗೆ ಇಪ್ಪತ್ತೈದು ಹೆಂಗ ಸಾಲ್ತಾವ್ರಿ?”

“ಗುರಿ ಚಲೋ ಇಡ್ರಿ,” ಎಂದ ಅಮರೇಶ್. ಸಲಹೆಗೆ ಮಾತ್ರ ಆ ಆಫೀಸಿನಲ್ಲಿ ಮಿತಿಯಿಲ್ಲ.

ಸ್ಪರ್ಧೆಗೆ ಐದು ದಿನ ಉಳಿದಿತ್ತು. ಅಂಗಡಿಯ ಮುಂದೆ ಕೂತು ಅಯ್ಯನವರು, “ಇಪ್ಪತ್ತೈದ್ರಾಗ ಮೂವತ್ತು ಹೆಂಗೋ ಹುಲುಗಪ್ಪಾ?” ಎಂದರು. ಹುಲುಗಪ್ಪ ಮೀಸೆ ತಿರುವುತ್ತ ಯೋಚಿಸಿದ.

“ತಟ್ಟಿ ಜೋಡಿ ಜೋಡಿ ಹಾರ್ತಾವಲ್ರಿ. ಎಡದ್ದು ಬಲಕ್ಕ, ಬಲದ್ದು ಎಡಕ್ಕ. ನಡುವ ಎಲ್ಲ್ಯರ ಒಂದು ಕಡಿ ಒಂದರ ಮೈಗೊಂದು ಹತ್ತಿ ಬರಬೇಕಲ್ಲ? ಅಲ್ಲಿ ಒಂದ ಏಟು. ತೋಟಾದೊಳಗಿನ ಛರ್ರೆಗುಂಡು ಹರಡಿ ಎರಡೂ ಪುಡಿ.”

ಲೋಕದಲ್ಲಿ ಬೇರೆ ಯಾವ ಶೂಟರನಿಗೂ ಈ ಯೋಚನೆ ಬಂದಿರಲಾರದು, ಏಕೆಂದರೆ ಅವರಿಗೆ ತೋಟಾದ ಬರವಿಲ್ಲ. ಒಂದೇ ನೀರಿಗೆ ಎರಡು ಬೆಳೆ ತೆಗೆಯುವ ಸೀಮೆಯವರಿಗಷ್ಟೇ ಹೊಳೆಯುವ ಯುಕ್ತಿ ಅದು. ನಾಲ್ಕು ಸಂಜೆ ಹುಲುಗಪ್ಪ ಎರಡೂ ಕೈಯಿಂದ ಕುಳ್ಳುಗಳನ್ನು ಅಡ್ಡಡ್ಡ ಬೀಸಿದ. ಒಂದೂ ತೋಟಾ ಖರ್ಚು ಮಾಡುವಂತಿಲ್ಲವಾದ್ದರಿಂದ ಅಯ್ಯನವರು ಖಾಲಿ ಬಂದೂಕನ್ನೇ ತಿರುಗಿಸಿ ಕ್ಲಿಕ್ ಎನಿಸುತ್ತಿದ್ದರು. “ಎರಡೂ ಹೋದ್ವು!” ಎಂದು ಹುಲುಗಪ್ಪ ಕೂಗುತ್ತಿದ್ದ. ಕುಳ್ಳುಗಳು ಇಡಿಯಾಗಿ ನೆಲಕ್ಕೆ ಬೀಳುತ್ತಿದ್ದವು.

“ಎರಡೂ ಹೋದ್ವು ಅಂತೀರಿ, ಎರಡೂ ಇಲ್ಲೇ ಬಿದ್ದಾವ,” ಎಂದು ದಾಕ್ಷಾಯಣಮ್ಮ ಆರಿಸಿಕೊಂಡರು. “ನೀರೊಲಿಗಾದ್ರೂ ಬರ್ತಾವ, ತರ್ರಿ.”

ಬಂದೂಕಿನೊಂದಿಗೆ ಪ್ರಯಾಣ ಮಾಡಲು ಇನ್ನೊಂದು ಅನುಮತಿ. ಅದರಲ್ಲಿ ಯಾವ ದಾರಿ, ಯಾವ ಬಸ್ಸು ಎಂದು ನಮೂದಾಗಿತ್ತು. ಚಿತ್ರದುರ್ಗ ದಾಟಿದ ಮೇಲೆ ಬಸ್ಸು ಕೆಟ್ಟಿತು. ಉಳಿದ ಪ್ರಯಾಣಿಕರು ಹಿಂದಿನ ಬಸ್ಸು ಹತ್ತಿ ಹೋದರು. ಅಯ್ಯನವರೂ ಹುಲುಗಪ್ಪನೂ ಮಾತ್ರ, ಕಾಗದದಲ್ಲಿದ್ದ ಬಸ್ಸಿನ ಟೈರಿನ ನೆರಳಲ್ಲಿ, ಅದು ಸರಿಯಾಗುವವರೆಗೆ ಎರಡೂವರೆ ತಾಸು ಕಾನೂನು ಪಾಲಿಸುತ್ತ ಕೂತರು.

ಸ್ಪರ್ಧೆಯ ಮೈದಾನದಲ್ಲಿ ಭೇಟಿಯಾದವನು ಪ್ರವೀಣಕುಮಾರ್. ಹಡಗಲಿ ಕಡೆಯ ಹೊಳಲಿನವನು, ಊರಿನ ಭಾಷೆ ಕೇಳಿ ತಾನೇ ಬಂದು ಮಾತಾಡಿಸಿದ. ಅವನ ಬಳಿ ಸರ್ಟಿಫಿಕೇಟ್ ಇತ್ತು, ಆದ್ದರಿಂದ ಗಾಲಿಯ ಪೆಟ್ಟಿಗೆಯ ತುಂಬ ತೋಟಾ ಇತ್ತು. ಅಯ್ಯನವರು ತೋಟಾ ಹಾಕಿಕೊಂಡು ತಂದಿದ್ದ ಅವಲಕ್ಕಿ ಡಬ್ಬಿಯೊಳಗೆ ಇಣುಕಿ ಅವನು ಹೌಹಾರಿದ.

“ಇವಷ್ಟೇನ್ರಿ ಅಯ್ನೋರೇ? ಎಲ್ಲಾರೂ ನೂರು ತಂದಾರ. ನನ್ನವು ತಗೋರಿ ಐವತ್ತು.”

ಅವನ ಕೈ ಪೆಟ್ಟಿಗೆಯಿಂದ ಮೇಲೇಳುವುದರೊಳಗೆ ಕೆಂಪು ಟೋಪಿಯ ಅಧಿಕಾರಿಯೊಬ್ಬ ಓಡಿಬಂದ. “ಸಾರ್, ಒಬ್ಬರ ಲೈಸೆನ್ಸಿನ ತೋಟಾ ಇನ್ನೊಬ್ಬರ ಕೈಗೆ ಹೋಗುವ ಹಾಗಿಲ್ಲ. ಇಬ್ಬರ ಲೈಸೆನ್ಸೂ ರದ್ದಾಗುತ್ತೆ.”

“ಇಲ್ಲೇ ಅಂಗಡ್ಯಾಗ ಕೊಂಡ್ರ?” ಎಂದ ಹುಲುಗಪ್ಪ.

“ಸರ್ಟಿಫಿಕೇಟ್ ಇರುವ ಸದಸ್ಯರಿಗೆ ಮಾತ್ರ.”

ಅಯ್ಯನವರ ಸರದಿ ಬಂತು. ಜಾಗದಲ್ಲಿ ನಿಂತು, ಬಂದೂಕನ್ನು ಭುಜಕ್ಕಾನಿಸಿ, “ಹೂಂ” ಎಂದರು. ಎರಡು ಕಿತ್ತಳೆ ಬಣ್ಣದ ತಟ್ಟೆಗಳು ಚಿಮ್ಮಿದವು. ಹತ್ತಿರವಾದವು, ಒಂದನ್ನೊಂದು ದಾಟಲು ಹೋದವು. ಒಂದೇ ಏಟು. ಎರಡೂ ಪುಡಿ! ಹುಲುಗಪ್ಪ ಬಾಯಿಗೆ ಬೆರಳಿಟ್ಟು ಹೊಡೆದ ಸಿಳ್ಳೆಗೆ ಮೈದಾನವೇ ತಿರುಗಿ ನೋಡಿತು.

“ಲೆಕ್ಕಕ್ಕಿಲ್ಲ,” ಎಂದ ರೆಫರಿ. “ಮತ್ತೊಮ್ಮೆ.”

“ಎರಡೂ ಒಡದಾವಲ್ರಿ!”

“ಒಂದೇ ಗುಂಡಿಗೆ ಒಡೆದಿವೆ. ಎರಡು ತಟ್ಟೆಗೆ ಎರಡು ಗುಂಡು ಹಾರಿಸಬೇಕು. ಒಂದೇ ಗುಂಡಿಗೆ ಎರಡೂ ಹೋದರೆ ಆ ಜೋಡಿ ರದ್ದು. ನಿಯಮ.”

“ಉಳಿತಾಯ ಮಾಡಿದ್ದು ತಪ್ಪನ್ರಿ?”

“ರೆಡಿನಾ ಸಾರ್?”

ನಾಲ್ಕು ಸಂಜೆ ಪಳಗಿದ ಕೈಗೆ ನಿಯಮ ತಿಳಿಯಲಿಲ್ಲ. ಎರಡನೆಯ ಸಲವೂ ಒಂದೇ ಏಟು, ಎರಡೂ ಪುಡಿ. ಮತ್ತೆ ರದ್ದು. ಮೂರನೆಯ ಸಲವೂ ಹಾಗೆಯೇ ಆದಾಗ, ಇನ್ನು ಮರು ಅವಕಾಶವಿಲ್ಲವೆಂದು ರೆಫರಿ ಮೊದಲ ತಟ್ಟೆ ಒಡೆದಿದೆ, ಎರಡನೆಯದು ತಪ್ಪಿದೆ ಎಂದು ಬರೆದುಕೊಂಡ. ಆರು ತಟ್ಟೆ ನೆಲದಲ್ಲಿ ಚೂರಾಗಿ ಬಿದ್ದಿದ್ದವು. ಕಾಗದದಲ್ಲಿ ಒಂದು.

ಉಳಿದದ್ದು ಇಪ್ಪತ್ತೆರಡು ತೋಟಾ, ಇಪ್ಪತ್ನಾಲ್ಕು ಜೋಡಿ. ಜೋಡಿಗೆ ಒಂದರಂತೆ ಎಲ್ಲವನ್ನೂ ಹೊಡೆದರೂ ಇಪ್ಪತ್ಮೂರಕ್ಕೆ ನಿಲ್ಲುತ್ತದೆ. ಮೂವತ್ತರ ಬಾಗಿಲು ಮುಚ್ಚಿತ್ತು.

“ಬಿಡ್ರಿ ಅಯ್ನೋರೇ, ಊಟಕ್ಕ ಹೋಗೂನು,” ಎಂದ ಪ್ರವೀಣಕುಮಾರ್ ಬೇಲಿಯ ಆಚೆಯಿಂದ.

“ಊಟ ಎಲ್ಲಿಗೂ ಹೋಗಂಗಿಲ್ಲ,” ಎಂದರು ಅಯ್ಯನವರು. ಪ್ರತಿ ಜೋಡಿಯಲ್ಲಿ ಒಂದನ್ನು ಹೊಡೆದು, ಇನ್ನೊಂದು ಹಾರಿಹೋಗುವುದನ್ನು ನೆಟ್ಟ ದೃಷ್ಟಿಯಿಂದ ನೋಡುತ್ತ ನಿಂತರು. ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಹೊಡೆದರು. ಕೊನೆಯ ಎರಡು ಜೋಡಿಗೆ ಡಬ್ಬಿ ಖಾಲಿ. ನಡುವೆ ಹೊರನಡೆದರೆ ಸ್ಪರ್ಧೆ ಬಿಟ್ಟು ಓಡಿದನೆಂದು ಬರೆಯುತ್ತಾರೆ. ಖಾಲಿ ಬಂದೂಕು ಎತ್ತಿ “ಹೂಂ” ಎಂದರು, ತಟ್ಟೆ ಹಾರಿದವು. ಮತ್ತೆ “ಹೂಂ” ಎಂದರು, ಹಾರಿದವು. ಐವತ್ತು ತೋಟಾ ಸುಟ್ಟ ಪ್ರವೀಣಕುಮಾರನಿಗೆ ಮೂವತ್ನಾಲ್ಕು ಬಂದಿತ್ತು. ಅಯ್ಯನವರ ಹಾಳೆಯಲ್ಲಿ ‘ಐವತ್ತಕ್ಕೆ ಇಪ್ಪತ್ತೆರಡು’ ಎಂದು ಬರೆದು, ಕೆಳಗೆ ಷರಾ ಹಾಕಿದ್ದರು: ‘ಅಭ್ಯಾಸ ಸಾಲದು.’

ಊರಿಗೆ ಬಂದ ವಾರಕ್ಕೆ ಅಯ್ಯನವರು ಇಪ್ಪತ್ತೈದು ಖಾಲಿ ಕೊಳವೆಗಳನ್ನು, ಈ ಸಲ ತಾವೇ ಚೀಲಕ್ಕೆ ಹಾಕಿಕೊಂಡು, ಆಫೀಸಿಗೆ ಹೋದರು. ಅಮರೇಶ್ ಒಂದೊಂದನ್ನೂ ಅಲ್ಲಾಡಿಸಿ ನೋಡಿ, ನಿಟ್ಟುಸಿರು ಬಿಟ್ಟು, ಬೆಳೆ ರಕ್ಷಣೆಯ ಫಾರಂ ಕೊಟ್ಟ. ಯಾವ ಬೆಳೆ, ಯಾವ ಪ್ರಾಣಿ, ಹಾರಿಸಿದ್ದೆಷ್ಟು, ತಾಗಿದ್ದೆಷ್ಟು ಎಂದು ನಾಲ್ಕು ಕಲಂ. ಅಯ್ಯನವರು ಸುಳ್ಳು ಬರೆಯುವವರಲ್ಲ. ಬೆಳೆ: ಇಲ್ಲ. ಪ್ರಾಣಿ: ಮಣ್ಣಿನ ತಟ್ಟೆ. ಹಾರಿಸಿದ್ದು: ಇಪ್ಪತ್ತೈದು. ತಾಗಿದ್ದು: ಇಪ್ಪತ್ತೇಳು.

ಅಮರೇಶ್ ಎರಡು ಸಲ ಓದಿದ. ತಟ್ಟೆಯ ಬಗ್ಗೆ ಅವನಿಗೆ ತಕರಾರಿರಲಿಲ್ಲ.

“ಇಪ್ಪತ್ತೈದು ಹಾರಿಸಿ ಇಪ್ಪತ್ತೇಳು ಹೆಂಗ ತಾಗ್ತಾವ್ರಿ? ಇನ್ನೆರಡು ತೋಟಾ ಎಲ್ಲಿಂದ ತಂದ್ರಿ?”

“ಒಂದೊಂದ್ರಾಗ ಎರಡೆರಡು ಹೊಡದೀನಿ. ಮೂರು ಸಲ.”

“ಸ್ಪರ್ಧಿಯವ್ರು ಇಪ್ಪತ್ತೆರಡು ಅಂತ ಬರದಾರಲ್ರಿ.”

“ಅವ್ರು ಐದು ಕಿತ್ಕೊಂಡ್ರು.”

ಅಮರೇಶ್ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. ಕೆಟ್ಟ ಮನುಷ್ಯನಲ್ಲ ಅವನು, ಅಲ್ಲಿ ಕೂತವನು ಅಷ್ಟೆ. “ನೋಡ್ರಿ ಅಯ್ನೋರೇ, ತಾಗಿದ್ದು ಅಂತ ಬರದ್ರ ಪ್ರಾಣಿ ಹೊಡದಂಗ ಆಗತೈತಿ. ಇಪ್ಪತ್ತೇಳು ಅಂತ ಬರದ್ರ ತೋಟಾ ಬಚ್ಚಿಟ್ಟಂಗ ಆಗತೈತಿ. ಸೊನ್ನಿ ಹಾಕ್ರಿ. ಎಲ್ಲಾ ಗಾಳ್ಯಾಗ ಹಾರಿಸೀನಿ, ಒಂದೂ ತಾಗಿಲ್ಲ ಅಂತ ಬರೀರಿ. ಬರೋ ವರ್ಷದ ಇಪ್ಪತ್ತೈದರ ಚೀಟಿ ಈಗ್ಲೇ ಹರದು ಕೊಡ್ತೀನಿ.”

ಪೆನ್ನು ಮುಂದೆ ಚಾಚಿದ. ಅಯ್ಯನವರು ಅದನ್ನು ತೆಗೆದುಕೊಂಡು, ಮುಚ್ಚಳ ಹಾಕಿ, ಅವನ ಜೇಬಿಗೇ ಸಿಕ್ಕಿಸಿದರು.

“ಇಪ್ಪತ್ತೇಳು ಅಂದ್ರ ಇಪ್ಪತ್ತೇಳು.”

ಕಡತ ಈಗ ಪರಿಶೀಲನೆಯಲ್ಲಿದೆ. ಲೆಕ್ಕಕ್ಕೆ ಸಿಗದ ಆ ಎರಡು ತೋಟಾಗಳನ್ನು ಹುಡುಕಿಕೊಂಡು ಇಬ್ಬರು ಪೊಲೀಸರು ಮನೆಗೂ ಅಂಗಡಿಗೂ ಬಂದು, ತಾಮ್ರದ ತಂತಿಯ ಸುರುಳಿಗಳನ್ನೆಲ್ಲ ಬಿಚ್ಚಿ ನೋಡಿ ಹೋಗಿದ್ದಾರೆ. ಸಿಕ್ಕಿಲ್ಲ. ಅವು ಸಿಗುವವರೆಗೆ ಹೊಸದನ್ನು ಕೊಡುವಂತಿಲ್ಲ.